ಮಣಿಕಟ್ಟಿನಿಂದ ಬೆರಳ ತುದಿಗೆ

ಮೊನ್ನೆ ರಾಮನಗರದ ಬಸ್ಸಿನಲ್ಲಿ ಯಾರೋ ನನ್ನ ಸೀಟಿನ ಪಕ್ಕ ರೇಷ್ಮೆಗೂಡಿನ ಚೀಲ ಇಟ್ಟರು. ಅದರ ಹಸಿ ವಾಸನೆಗೆ ಕೈಲಾಂಚದ ಮನೆಯೊಡತಿ ಅಕ್ಕ ನೆನಪಾದರು. ವಿಜ್ಞಾನದ ಟೀಚರಾಗಿ ಆ ಊರಿಗೆ ಹೋದ ಹೊಸದರಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ.

ಒಂದು ಬೆಳಿಗ್ಗೆ ಹಿಪ್ಪುನೇರಳೆ ಕಡ್ಡಿ ಕೊಯ್ಯುವಾಗ ಕುಡುಗೋಲು ಜಾರಿ ಅವರ ಎಡ ಮಣಿಕಟ್ಟು ಆಳವಾಗಿ ಕೊಯ್ದುಹೋಯಿತು. ಡಾಕ್ಟರು ತುಂಡಾದ ನರದ ತುದಿಗಳನ್ನು ಕೂಡಿಸಿ ಹೊಲಿದರು. ಗಾಯ ಮಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಮರಗಟ್ಟಿದಂತೆಯೇ ಉಳಿದವು. ಹಣ್ಣಾದ ರೇಷ್ಮೆಹುಳಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ದಿನ, ಅಕ್ಕ ಸ್ವಲ್ಪ ಹೊತ್ತಿಗೇ ಎದ್ದು ಬಂದು ಜಗಲಿಯಲ್ಲಿ ಕೂತರು. ಬೆರಳ ನಡುವೆ ಎರಡು ಹುಳ ನುಜ್ಜಾಗಿದ್ದವು.

“ಇಸುಕಿದ್ದೇ ಗೊತ್ತಾಗ್ನಿಲ್ಲ ಟೀಚರಮ್ಮ. ಇನ್ಮೇಲೆ ನಾನು ಹುಳ ಮುಟ್ಟಾಕಿಲ್ಲ.”

ಮುಂದಿನ ಸಲ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಹೊಲಿಗೆಯಿಂದ ನರದ ದಾರಿಯಷ್ಟೇ ಕೂಡಿದೆ, ಅದರೊಳಗೆ ನರದ ಎಳೆಗಳು ಹೊಸದಾಗಿ ಬೆಳೆಯಬೇಕು, ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಎಂದರು ಡಾಕ್ಟರು. ಎಳೆಯ ತುದಿ ಬಂದು ನಿಂತ ಜಾಗವನ್ನು ತಟ್ಟಿದರೆ ಬೆರಳು ಜುಮ್ಮೆನ್ನುತ್ತದಂತೆ. ನಾನು ಓದಿದ ಯಾವ ಪಾಠದಲ್ಲೂ ಅದಿರಲಿಲ್ಲ...

ಅಂದಿನಿಂದ ಭಾನುವಾರ ಬಂದರೆ ಪೆನ್ಸಿಲಿನ ಹಿಂತುದಿಯಿಂದ ಅವರ ಅಂಗೈ ತಟ್ಟುತ್ತಿದ್ದೆ.

“ಇಲ್ಲಿ?”

“ಇಲ್ಲ.”

“ಇಲ್ಲಿ?”

“ಹ್ಞೂಂ, ಒಸಿ ಕರೆಂಟ್ ಹೊಡ್ದಂಗಾಯ್ತು.”

ಗಾಯದ ಗುರುತಿನಿಂದ ಸ್ಕೇಲಿಟ್ಟು ಅಳೆದರೆ, ಹೋದ ವಾರಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮುಂದೆ. ಕೆಲವು ವಾರ ಇದ್ದಲ್ಲೇ ಇರುತ್ತಿತ್ತು. ಅಂಥ ದಿನ ಅಕ್ಕ ಕೈ ಎಳೆದುಕೊಂಡು ಎದ್ದು ಹೋಗುತ್ತಿದ್ದರು. ಹುಳದ ಕೆಲಸವನ್ನೆಲ್ಲ ಅವರ ಯಜಮಾನರೇ ನೋಡಿಕೊಂಡರು.

ವರ್ಷ ತುಂಬುತ್ತಿರುವಾಗ ಒಂದು ಸಂಜೆ ಅಕ್ಕ ಹುಳದ ಮನೆಯಿಂದಲೇ ನನ್ನನ್ನು ಕೂಗಿದರು. ಕಣ್ಣು ಮುಚ್ಚಿ ನಿಂತಿದ್ದರು. ತೋರುಬೆರಳ ತುದಿಯಲ್ಲಿ ಒಂದು ಹುಳ.

“ಹರೀತಿರದು ಗೊತ್ತಾಯ್ತಾ ಐತೆ ಟೀಚರಮ್ಮ. ಆದ್ರೆ ನಡುಬೆರಳ ಮ್ಯಾಲೆ ಹರ್ದಂಗೈತೆ.”

ಬೆಳೆಯುವಾಗ ಕೆಲವು ಎಳೆ ದಾರಿ ತಪ್ಪುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದನ್ನು ನೆನಪಿಸಿದೆ.

“ಪಕ್ಕದ ಮನೆಗೆ ಹೋಗ್ಬುಟ್ಟವೆ ಅನ್ನಿ,” ಎಂದು ಅಕ್ಕ ನಕ್ಕರು. ಹುಳವನ್ನು ಮೆಲ್ಲಗೆ ಎತ್ತಿ ಚಂದ್ರಿಕೆಗೆ ಬಿಟ್ಟರು. ಆಮೇಲೆ ಇನ್ನೊಂದನ್ನು.

ಮುಂದೆ ನನಗೆ ಮಾಗಡಿಗೆ ವರ್ಗವಾಯಿತು. ಆ ಬೆರಳುಗಳ ಅದಲುಬದಲು ಸರಿಹೋಯಿತೇ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೇಳಲಿಲ್ಲ. ಹೋದ ವರ್ಷ ಅಕ್ಕ ತೀರಿಕೊಂಡರು. ಅವರ ಯಜಮಾನರನ್ನು ಕೇಳಿ ಏನು ಪ್ರಯೋಜನ... ಆ ಬೆರಳುಗಳಿಗೆ ಏನು ಗೊತ್ತಾಗುತ್ತಿತ್ತು ಎನ್ನುವುದು ಅಕ್ಕ ಒಬ್ಬರಿಗೇ ಗೊತ್ತಿತ್ತು.