ಮೆಕ್ಯಾನಿಕ್ಕು ಆರಿಸಿದ ಕರ್ಪೂರ

ಪಾಂಡವಪುರದಲ್ಲಿ ಒಬ್ಬ ಮೆಕ್ಯಾನಿಕ್ಕು ಇದ್ದ. ಯಾವ ಗಾಡಿ ತಂದರೂ ಮೊದಲು ಬಗ್ಗಿ ವಾಸನೆ ನೋಡೋನು. ಏನು ಕೇಳಿದರೂ, “ತಡೀರಿ, ಇನ್ನೊಂದ್ ಕಿತ ನೋಡ್ಬುಡ್ತೀನಿ” ಅನ್ನೋನು.

ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ, ಎಲ್ಲರೂ ಊರೂರು ಸುತ್ತೋಣ ಅಂತ, ಒಳಗೇ ಒಲೆ, ಮಂಚ ಇರೋ ಹಳೇ ವ್ಯಾನು ಕೊಳ್ಳೋಕೆ ಹೊರಟಿದ್ದೆವು. ಎರಡು ವ್ಯಾನು ಅವನ ಶೆಡ್ಡಿನ ಮುಂದೆ ನಿಂತಿದ್ದವು. ಒಂದು ಗ್ಯಾಸಿನಲ್ಲಿ ಓಡೋದು, ಇನ್ನೊಂದು ಡೀಸೆಲ್ಲಿಂದು. ಡೀಸೆಲ್ಲಿಂದು ಗಡಗಡ ಅಂತದೆ, ಮಗು ಮಲಗಲ್ಲ ಅಂತ ಅಳಿಯ ಗ್ಯಾಸಿಂದನ್ನೇ ಒಪ್ಪಿಕೊಂಡ. ನನಗೋ ತಡೆಯೋಕಾಗಲಿಲ್ಲ. ಮೆಕ್ಯಾನಿಕ್ಕು ನೋಡಿ ಮುಗಿಸೋ ಮೊದಲೇ ಅದರೊಳಗೆ ಸೀರೆ ಜೋಲಿ ಕಟ್ಟಿ, ಮಗೀನ ಮಲಗಿಸಿ, ಪೂಜೆಗೆ ಅಂತ ಗಾಡಿ ಮುಂದೆ ಕರ್ಪೂರ ಹಚ್ಚಿಬುಟ್ಟೆ.

ಗಾಡಿ ಹಿಂದೆ ಬಗ್ಗಿ ವಾಸನೆ ನೋಡ್ತಿದ್ದ ಅವನು ಓಡಿ ಬಂದ. ಉರಿಯೋ ಕರ್ಪೂರನ ಅಂಗೈಲೇ ಒತ್ತಿ ಆರಿಸಿದ.

“ಮಗೀನ ಎತ್ಕಂಡು ದೂರ ಓಗವ್ವ” ಅಂದ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಇನ್ನೂ ಭಯ ಆಯ್ತು. ಒಳಗೆ ಹತ್ತಿ ಮಗೀನ ಎತ್ತಿಕೊಂಡು ಇಳಿದು, ದೂರ ಹೋಗಿ ನಿಂತೆ.

ಅವನು ಸೋಪಿನ ನೊರೆ ಕಲಸಿ, ಜೋಲಿ ಕೆಳಗೇ ಹಾದಿದ್ದ ಗ್ಯಾಸಿನ ಪೈಪಿಗೆ ಬಳಿದ. ಒಂದು ಕಡೆ ಗುಳ್ಳೆ ಏಳ್ತಿತ್ತು, ಒಡೀತಿತ್ತು, ಮತ್ತೆ ಏಳ್ತಿತ್ತು. ಗ್ಯಾಸು ಸೋರ್ತಿತ್ತು.

“ಅಂಗಾದ್ರೆ ಡೀಸೆಲ್ಲಿಂದೇ ತಗಳಣ್ವೇನಣ್ಣ?” ಅಂದ ಅಳಿಯ.

“ತಡೀರಿ, ಅದ್ನೂ ಒಂದ್ ಕಿತ ನೋಡ್ಬುಡ್ತೀನಿ.”

ಹೊತ್ತು ಇಳಿಯೋವರೆಗೂ ನೋಡಿ, “ತಗಳಿ” ಅಂದ. ಆಮೇಲೆ ಟೀ ಕೊಟ್ಟರೆ ಲೋಟ ಹಿಡಿಯೋಕಾಗಲಿಲ್ಲ, ಸುಟ್ಟ ಅಂಗೈ ಬೊಬ್ಬೆ ಎದ್ದಿತ್ತು, ಇನ್ನೊಂದರ ತುಂಬ ಗ್ರೀಸು. ಒಂದು ಕೈಲಿ ಮೊಮ್ಮಗಳು, ಇನ್ನೊಂದು ಕೈಲಿ ಲೋಟ ಹಿಡಿದು ನಾನೇ ಅವನಿಗೆ ಕುಡಿಸಿದೆ.