ಹಕಾರದ ಉಪಕಾರ

ಪದಬಂಧ ಬಿಡಿಸಲು ಸಹಾಯ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಾವಿಗೆ ಬಿದ್ದವರನ್ನು ಎತ್ತಿ, ಬೇಡ ಎನ್ನುವುದಿಲ್ಲ. ಆದರೆ ಪೆನ್ಸಿಲ್ ಕಚ್ಚಿಕೊಂಡು ಸುಮ್ಮನೆ ಕೂತವಳನ್ನು ಎತ್ತಲು ಬರಬೇಡಿ. ನಾನು ಬಿದ್ದಿಲ್ಲ, ಯೋಚಿಸುತ್ತಿದ್ದೇನೆ.

ಚಾಮರಾಜಪೇಟೆಯ ಹಳೇ ಮನೆಯೊಂದರ ಮುಂದಿನ ಕೋಣೆಯಲ್ಲಿ ನನ್ನದೊಂದು ಅಂಗಡಿ. ಸೀರೆಗೆ ಫಾಲ್ಸ್ ಹಾಕುವುದು, ಜಿಗ್‌ಜಾಗ್ ಮಾಡುವುದು, ಬಿಗಿಯಾದ ಬ್ಲೌಸ್ ಸಡಿಲ ಮಾಡಿಕೊಡುವುದು. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಹನ್ನೊಂದರವರೆಗೆ ಗಿರಾಕಿಗಳು ಬರುವುದು ಅಪರೂಪ. ಆ ಒಂದು ಗಂಟೆ ಪೇಪರಿನ ಪದಬಂಧಕ್ಕೆ. ನಾನು ಓದಿದ್ದು ಏಳನೇ ಕ್ಲಾಸು. ಮೊದಲ ವರ್ಷ ನಾಲ್ಕು ಪದ ತುಂಬಿದರೆ ಅದೇ ಹಬ್ಬ. ಈಗೀಗ ಎರಡೋ ಮೂರೋ ಪದ ಉಳಿದುಕೊಳ್ಳುತ್ತಿದ್ದವು, ಅಷ್ಟೆ. ಒಂದು ದಿನ, ಒಂದೇ ಒಂದು ದಿನ, ಎಲ್ಲ ಮನೆಗಳನ್ನೂ ನನ್ನ ಕೈಯಿಂದಲೇ ತುಂಬಬೇಕು ಎಂಬುದು ನನ್ನ ಹಟವಾಗಿತ್ತು.

ಅದಕ್ಕೆ ಅಡ್ಡ ನಿಂತವರು ಮನೆಯ ಮಾಲೀಕರು, ರಿಟೈರ್ ಆದ ಕನ್ನಡ ಮೇಷ್ಟ್ರು. ತಮ್ಮ ಪೇಪರು ಮುಗಿಸಿ ಹತ್ತೂವರೆಗೆ ಸರಿಯಾಗಿ ನನ್ನ ಬಾಗಿಲಿಗೆ ಬರುವರು. "ಏನಮ್ಮಾ, ಎಲ್ಲಿಗೆ ಬಂತು?" ಎನ್ನುತ್ತಲೇ ಜೇಬಿನ ಪೆನ್ನು ತೆಗೆದು, ನನ್ನ ಪೆನ್ಸಿಲ್ ಅಕ್ಷರಗಳ ಮೇಲೆಯೇ ನೀಲಿ ಇಂಕಿನಲ್ಲಿ ಬರೆಯುವರು. ಒಂದು ಸುಳಿವು ಕೊಟ್ಟು ಸುಮ್ಮನಾಗುವ ಜಾಯಮಾನವಲ್ಲ, ಉತ್ತರವನ್ನೇ ಬಡಿಸಿ ಹೋಗುವರು. ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಜಾಗ ಅವರದು ನೋಡಿ.

ಅದನ್ನಾದರೂ ಸಹಿಸುತ್ತಿದ್ದೆ. ಸಹಿಸಲಾಗದ್ದು ಅವರ ಹಕಾರದ ಪಾಠ.

ನಾನು ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯಲ್ಲಿ. ಅಪ್ಪ ಅಲ್ಲಿನ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ನಮ್ಮ ಗಲ್ಲಿಯಲ್ಲಿ ಹಕಾರಕ್ಕೆ ಜಾಗವೇ ಇರಲಿಲ್ಲ. ಹಾಲು ಆಲಾಗಿತ್ತು, ಹೂವು ಊವಾಗಿತ್ತು. ಅದರಿಂದ ಹಾಲೇನೂ ಒಡೆಯಲಿಲ್ಲ, ಹೂವೇನೂ ಬಾಡಲಿಲ್ಲ. ಮೇಷ್ಟ್ರ ಕಿವಿಗೆ ಮಾತ್ರ ಅದು ಮುಳ್ಳು. ಗಿರಾಕಿಗಳ ಎದುರಿಗೇ ನನ್ನನ್ನು ತಡೆಯುವರು. "ಊವಿನ ಸೀರೆ ಅಲ್ಲಮ್ಮ, ಹೂವಿನ ಸೀರೆ. ಹೊಟ್ಟೆಯಿಂದ ಬರ್ಲಿ. ಹ. ಹ." ನಾನು ಮಿಷನ್ ತುಳಿಯುತ್ತಾ, ಬಿಸಿಲಿಗೆ ಏದುವ ನಾಯಿಯ ಹಾಗೆ, ಹ ಹ ಎನ್ನುತ್ತಿದ್ದೆ.

ಹೆದರಿ ಕಲಿತ ವಿದ್ಯೆ ಎಲ್ಲೆಲ್ಲೋ ಚೆಲ್ಲುತ್ತದೆ. ಹ ಎಲ್ಲಿ ಬಿಟ್ಟುಹೋದೀತೋ ಎಂಬ ಭಯದಲ್ಲಿ ಬೇಡದ ಕಡೆಯೆಲ್ಲ ಹಾಕತೊಡಗಿದೆ. ಅಡ್ರೆಸ್ ಕೇಳಲು ಹೋಗಿ ಹಡ್ರೆಸ್ ಕೇಳಿದೆ. ಅಂಗಡಿಯನ್ನು ಒಮ್ಮೆ ಹಂಗಡಿ ಮಾಡಿದೆ.

ಹೀಗಿರುವಾಗ ಒಂದು ದಿನ ಪದಬಂಧದಲ್ಲಿ ಬಂತು: 'ಅತಿಥಿಗೆ ತೋರಿಸುವ ಗೌರವ (೩)'. ಪದ ಗೊತ್ತಿತ್ತು. ಮೊದಲ ಅಕ್ಷರ ಆ ಇರಬೇಕೋ, ಹಾ ಇರಬೇಕೋ? ತಾಳೆ ನೋಡೋಣವೆಂದರೆ ಆ ಮನೆಗೆ ಮೇಲಿನಿಂದ ಇಳಿಯುವ ಪದವೂ ಇರಲಿಲ್ಲ. ಮೇಷ್ಟ್ರು ನೆನಪಾದರು. ಹೊಟ್ಟೆಯಿಂದಲೇ ಬರಲಿ ಎಂದು 'ಹಾದರ' ಅಂತ ಬರೆದುಬಿಟ್ಟೆ. ಗಾಬರಿಯಲ್ಲಿ ಅದರ ಅರ್ಥ ಹೊಳೆಯಲೇ ಇಲ್ಲ.

ಮೇಷ್ಟ್ರು ಬಂದು ನೋಡಿದವರೇ ಕೆಮ್ಮು ಹತ್ತುವಷ್ಟು ನಕ್ಕರು. ಸೀರೆ ಕೊಡಲು ಬಂದಿದ್ದ ಇಬ್ಬರು ಹೆಂಗಸರಿಗೆ ನನ್ನ ಪೇಪರ್ ಎತ್ತಿ ಹಿಡಿದು ತೋರಿಸಿದರು. "ನೋಡಿ, ಇವ್ರ ಮನೆಗೆ ಅತಿಥಿ ಹೋದ್ರೆ ಏನು ಸಿಗುತ್ತೆ ಅಂತ!" ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ವಾರವಿಡೀ ನಮ್ಮ ರಸ್ತೆಯಲ್ಲಿ ಅದೇ ತಮಾಷೆ.

ನನಗಾದದ್ದು ನಾಚಿಕೆಯಲ್ಲ, ಸಿಟ್ಟು. ಆದರ ಎಂಬ ಪದ ನನಗೆ ಗೊತ್ತಿತ್ತು. ಅದರ ತಲೆಯ ಮೇಲೆ ಹೋಗಿ ಕೂತ ಹಕಾರ ನನ್ನದಲ್ಲ, ಅವರು ಕೊಟ್ಟಿದ್ದು. ಇಷ್ಟು ವರ್ಷ ಪಾಠ ಹೇಳಿದ ಮನುಷ್ಯನಿಗೆ ತನ್ನ ಸಾಮಾನು ತನಗೇ ಗುರುತು ಸಿಗಲಿಲ್ಲವೇ? ಅಂದು ಮಿಷನ್ನಿನ ಎರಡು ಸೂಜಿ ಮುರಿದೆ. ಮಾರನೆಯ ದಿನವೇ ಒಂದು ಹಳೇ ನಿಘಂಟು ತಂದು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಕಾರದ ಪುಟಗಳನ್ನೇ ಓದಲು ಕೂತೆ.

ಎರಡು ತಿಂಗಳು ಕಳೆದಿರಬೇಕು. ಒಂದು ದಿನ ಮೇಷ್ಟ್ರು ಹತ್ತೂವರೆಗೆ ಬರಲಿಲ್ಲ. ಹತ್ತು ಮುಕ್ಕಾಲಿಗೆ ನೋಡುತ್ತೇನೆ, ನನ್ನ ಪದಬಂಧದಲ್ಲಿ ಒಂದು ಮನೆಯೂ ಖಾಲಿ ಇಲ್ಲ. ಮತ್ತೊಮ್ಮೆ ಬೆರಳಿಟ್ಟು ನೋಡಿದೆ. ಎಲ್ಲವೂ ಪೆನ್ಸಿಲ್, ಎಲ್ಲವೂ ನನ್ನದೇ. ಪೇಪರ್ ಮಡಿಸಿ ಮಿಷನ್ನಿನ ಮೇಲಿಟ್ಟೆ. ಆಗ ಬಂದರು ಮೇಷ್ಟ್ರು, ಕೈಯಲ್ಲಿ ತಮ್ಮದೇ ಪೇಪರು, ಮುಖ ಗಂಟು.

"ಇವತ್ತು ಪೇಪರ್‌ನೋರೇ ತಪ್ಪು ಮಾಡಿದಾರೆ ಕಣಮ್ಮ. 'ಮಗ್ಗದಲ್ಲಿ ಅಡ್ಡ ಓಡುವ ನೂಲು', ಎರಡಕ್ಷರ. ಹಾಸು ತಾನೆ? ಅದನ್ನ ಹಾಕಿದ್ರೆ ಮೇಲಿಂದ ಬರೋ 'ಹಕ್ಕುದಾರ' ಕೂರಲ್ಲ. 'ಕ್ಕು' ಜಾಗದಲ್ಲಿ 'ಸು' ಬಂದ್ಬಿಡುತ್ತೆ."

ಹಾಸುಹೊಕ್ಕು ಎಂಬ ನುಡಿಗಟ್ಟನ್ನು ಜೀವಮಾನವಿಡೀ ಮಕ್ಕಳಿಂದ ಉರು ಹೊಡೆಸಿದವರು. ಅದರಲ್ಲಿ ಉದ್ದದ ನೂಲು ಯಾವುದು, ಅಡ್ಡದ್ದು ಯಾವುದು ಎಂದು ಅವರಿಗೇ ಗೊತ್ತಿರಲಿಲ್ಲ.

ಮಗ್ಗದ ಮಾತು ಬಂದರೆ ನನ್ನ ಬಾಯಿಗೆ ಅಪ್ಪನೇ ಬರುವುದು. "ಆಸು ಉದ್ದಕ್ಕಿರುತ್ತೆ ಮೇಷ್ಟ್ರೇ. ಅಡ್ಡ ಓಡೋದು ಒಕ್ಕು," ಅಂದೆ.

ಅವರ ಮುಖ ಅರಳಿತು. ಅಲ್ಲೇ ನಿಂತು ತಮ್ಮ ಪೇಪರಿನಲ್ಲಿ ತಿದ್ದಿಕೊಂಡರು. ಒಂದು ಒಳ್ಳೆ ಮಾತು ಬರಬಹುದೆಂದು ಕಾದೆ. ಬಂದದ್ದು ಇದು:

"ಒಕ್ಕು ಅಲ್ಲಮ್ಮ, ಹೊಕ್ಕು. ಹೊಟ್ಟೆಯಿಂದ. ಹ. ಹ. ಎಲ್ಲಿ, ಒ ಅಂತ ಬರ್ದಿರ್ತೀಯ, ಕೊಡು ತಿದ್ತೀನಿ."

ಪೆನ್ನು ಹಿಡಿದ ಕೈ ನನ್ನ ಪೇಪರಿನ ಕಡೆಗೆ ಬಂತು. ನಾನು ಅದರ ಮೇಲೆ ಅಂಗೈ ಬಡಿದೆ. ಕತ್ತರಿ ಕೆಳಗೆ ಬಿತ್ತು.

"ಮುಟ್ಬೇಡಿ ಮೇಷ್ಟ್ರೇ!" ನನ್ನ ದನಿ ಎದುರು ಮನೆಗೂ ಕೇಳಿಸಿರಬೇಕು. "ನಮ್ಮಪ್ಪ ಮೂವತ್ತು ವರ್ಷ ಒಕ್ಕು ಒಕ್ಕು ಅಂತಾನೇ ನೇಯ್ದ್ರು. ಬಟ್ಟೆ ಏನು ಅರಿದೋಯ್ತಾ? ನಿಮ್ಗೆ ಅಕ್ಷರ ಗೊತ್ತಿತ್ತು, ನೂಲು ಗೊತ್ತಿರ್ಲಿಲ್ಲ. ಕೇಳೋಕೆ ನನ್ನ ಅತ್ರ ಬಂದ್ರಿ. ಏಳ್ಕೊಟ್ಟ ಮೇಲೂ ನನ್ನನ್ನೇ ತಿದ್ತೀರಾ?"

ನಾನು ಪೇಪರ್ ಬಿಚ್ಚಿ ಅವರ ಕಣ್ಣೆದುರು ಹಿಡಿದೆ, ಅಂದು ಅವರು ಆ ಹೆಂಗಸರಿಗೆ ಹಿಡಿದ ಹಾಗೆಯೇ. ಆ ಎರಡು ಮನೆಗಳಲ್ಲಿ ಪೆನ್ಸಿಲ್‌ನಲ್ಲಿ ದುಂಡಗೆ ಬರೆದಿತ್ತು: ಹೊಕ್ಕು.

"ಬರಿಯೋಕೆ ನಂಗೆ ಬರುತ್ತೆ," ಅಂದೆ. "ಮಾತು ನಮ್ಮಪ್ಪಂದು. ಅದು ಇಂಗೇ ಇರುತ್ತೆ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಒಳಗೆ ಹೋದರು. ಅಂಗಡಿ ಖಾಲಿ ಮಾಡು ಎನ್ನುವರೇನೋ ಎಂದು ಕಾದೆ, ಎನ್ನಲಿಲ್ಲ. ತಪ್ಪಾಯಿತು ಎಂದೂ ಎನ್ನಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಸ್ವಲ್ಪ ಹೊತ್ತಿಗೆ ಆ ದಿನದ ಮೊದಲ ಗಿರಾಕಿ ಬಂದಳು. ಒಳಮನೆಗೆ ಕೇಳಿಸುವಷ್ಟು ಜೋರಾಗಿಯೇ ಕೇಳಿದೆ:

"ಊವಿನ ಸೀರೆಗೆ ಯಾವ ಬಣ್ಣದ ಫಾಲ್ಸ್ ಆಕ್ಲಿ?"