ಸ್ನೇಹಲತಾ ಬಿಟ್ಟುಕೊಡದ ನಾಯಿ

ಆಗಷ್ಟೇ ಬೆಳಕು ಹರಿಯುತ್ತಿದೆ. ಹೈದರಾಬಾದಿನ ಕುಷಾಯಿಗೂಡದ ಗಲ್ಲಿಯೊಂದರಲ್ಲಿ ಪುಟ್ಟ ಪಶು ಕ್ಲಿನಿಕ್ಕಿನ ಷಟರ್ ಅರ್ಧ ಮೇಲೇರಿದೆ. ಒಳಗೆ ಲ್ಯಾಬ್ ಟೆಕ್ನಿಷಿಯನ್ ಸ್ನೇಹಲತಾ ಗಾಜಿನ ಪಟ್ಟಿಯ ಮೇಲೆ ಬೆಕ್ಕಿನ ರಕ್ತದ ಹನಿಯನ್ನು ತೆಳ್ಳಗೆ ಎಳೆದು, ಬಣ್ಣ ಹಾಕಿ ಒಣಗಿಸುತ್ತಿದ್ದಾರೆ. ಬೆಕ್ಕಿನ ಒಡೆಯ ಬಾಗಿಲಲ್ಲೇ ನಿಂತು, "ಮೇಡಂ, ಉಳಿತದಾ?" ಎಂದು ಕೇಳುತ್ತಾನೆ.

"ನೋಡಾಕತ್ತೀನ್ರಿ. ನೋಡದ ಹೆಂಗ ಹೇಳ್ಲಿ?"

ಲಿಂಗಸೂಗೂರಿನ ಸ್ನೇಹಲತಾ ಮದುವೆಯಾಗಿ ಹೈದರಾಬಾದಿಗೆ ಬಂದವರು. ಮೊದಲು ಅಲ್ಲಿನ ಕೋಠಿಯ ಲ್ಯಾಬೊಂದರಲ್ಲಿ ಮನುಷ್ಯರ ರಕ್ತ ಪರೀಕ್ಷಿಸುತ್ತಿದ್ದರು. ಅದನ್ನು ಬಿಟ್ಟು ಡಾ. ವಿಜಯಕುಮಾರ ಅವರ ಈ ಕ್ಲಿನಿಕ್ಕಿಗೆ ಸೇರಿದಾಗ ಮನೆಯಲ್ಲಿ ರಂಪವೇ ಆಯಿತು. "ನಾಯಿ ಮುಟ್ಟಿ ಬಂದಾಕಿ ಅಡಗಿಮನಿಗೆ ಬರಬ್ಯಾಡ ಅಂದ್ರು ಅತ್ತಿ. ಹಂಗಾದ್ರ ಅಡಗಿ ನೀವ ಮಾಡ್ರಿ ಅಂದೆ," ಎಂದು ನಗುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ನಾಯಿ ಬೆಕ್ಕುಗಳ ರಕ್ತ ಅವರ ಕೈ ದಾಟುತ್ತದೆ. ಹೆಚ್ಚಿನವಕ್ಕೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ ಬರುವ ಜ್ವರ. ಅಪರೂಪಕ್ಕೊಮ್ಮೆ ಬೇರೆಯದೇ ಒಂದು ಕಾಯಿಲೆ: ರೋಗದೊಂದಿಗೆ ಹೋರಾಡಬೇಕಾದ ಮೈಯ ಶಕ್ತಿಯೇ ತಿರುಗಿಬಿದ್ದು ಸ್ವಂತ ಕೆಂಪು ರಕ್ತಕಣಗಳನ್ನು ಕೊಲ್ಲುತ್ತದೆ.

ಕಳೆದ ಬೇಸಿಗೆಯಲ್ಲಿ ಕಾಳಿಗೆ ಆದದ್ದು ಅದೇ. ಕಾಳಿ ಸ್ನೇಹಲತಾ ಅವರ ಕಾಲನಿಯ ಬೀದಿನಾಯಿ. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಮಾರುವ, ಅದೇ ಕಾಲನಿಯ ಶಾರದಾಬಾಯಿ ಅದಕ್ಕೆ ದಿನಾ ಅನ್ನ ಹಾಕುತ್ತಿದ್ದರು. ಒಂದು ದಿನ ಅದು ಮೇಲೇಳಲಿಲ್ಲ. ಒಸಡು ಕಾಗದದಂತೆ ಬಿಳಿ, ಕಣ್ಣು ಹಳದಿ, ಮೂತ್ರ ಕಪ್ಪು ಚಹಾದ ಬಣ್ಣ. ಶಾರದಾಬಾಯಿ ಅದನ್ನು ಆಟೋದಲ್ಲಿ ಹಾಕಿಕೊಂಡು ಬಂದರು.

ಉಣ್ಣೆಜ್ವರದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸ್ನೇಹಲತಾ ರಕ್ತದ ಹನಿಗೆ ಸಲೈನ್ ಬೆರೆಸಿದರು. ಬಿಡಿಬಿಡಿಯಾಗಬೇಕಿದ್ದ ಕಣಗಳು ಒಡೆದ ಹಾಲಿನಂತೆ ಗಂಟುಗಂಟಾಗಿಯೇ ಉಳಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಡುವೆ ತಿಳಿಬಣ್ಣ ಇರಬೇಕಾದ ಕಣಗಳೆಷ್ಟೋ ಪುಟ್ಟ ಗುಂಡುಗಳಾಗಿದ್ದವು. ಡಾಕ್ಟರೂ ನೋಡಿದರು, ಹೌದೆಂದು ತಲೆಯಾಡಿಸಿದರು. ತಿರುಗಿಬಿದ್ದ ಶಕ್ತಿಯನ್ನು ತಗ್ಗಿಸಲು ಅಂದೇ ಸ್ಟೆರಾಯ್ಡ್ ಶುರುವಾಯಿತು.

ಮರುದಿನ ಕಾಲನಿ ಸಂಘದ ಕಾರ್ಯದರ್ಶಿ ಚಂದ್ರಕಾಂತ ನಾಯಿ ಹಿಡಿಯುವ ವ್ಯಾನ್ ಕರೆಸಿಕೊಂಡು ಕ್ಲಿನಿಕ್ಕಿಗೇ ಬಂದರು. ರಕ್ತ ಮೂತ್ರ ಮಾಡುವ ನಾಯಿ, ಮಕ್ಕಳಿಗೆ ರೋಗ ಅಂಟುತ್ತದೆ ಎಂಬುದು ಅವರ ಹೆದರಿಕೆ.

"ಇದು ಅಂಟೂ ರೋಗ ಅಲ್ರಿ," ಎಂದರು ಸ್ನೇಹಲತಾ.

"ನಾಳೆ ಯಾರಿಗಾದ್ರೂ ಏನರ ಆದ್ರ ಜವಾಬ್ದಾರಿ ಯಾರು? ನೀವಾ?"

"ಹೌದ್ರಿ, ನಾನ. ಬೀದಿನಾಯಿ, ಹೇಳೋರು ಕೇಳೋರು ಇಲ್ಲ ಅಂತ ತಾನ ಒಯ್ಯಾಕ ಬಂದೀರಿ? ಇವತ್ತಿನಿಂದ ಇದು ನನ್ನ ಮನಿ ನಾಯಿ."

ವ್ಯಾನ್ ಖಾಲಿ ಹೋಯಿತು. ಸಂಜೆ ಕಾಳಿಯನ್ನು ಎತ್ತಿಕೊಂಡು ಮನೆಗೆ ಹೋದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಒಳಗ ಬ್ಯಾಡಂದ್ರ ಬ್ಯಾಡ್ರಿ, ಮಾಳಗಿ ಮ್ಯಾಲ ಇರ್ತೀವಿ," ಎಂದು ಸೊಸೆ ಚಾಪೆ ಹಿಡಿದು ಮೆಟ್ಟಿಲು ಹತ್ತಿದರು. ಮೊದಲ ಕೆಲವು ದಿನ ಕಾಳಿ ಇನ್ನಷ್ಟು ಸೋತಿತು. "ಅವಾಗ ಭಾಳ ಹೆದರಿದ್ದೆರಿ. ಆದ್ರ ಯಾರ ಮುಂದೂ ತೋರಿಸ್ಲಿಲ್ಲ." ಆಮೇಲೊಂದು ಬೆಳಿಗ್ಗೆ ಒಸಡಿನಲ್ಲಿ ತೆಳುವಾಗಿ ಕೆಂಪು ಕಂಡಿತು. ಅಂದು ಮೊಸರನ್ನ ಕಲಸಿ ಮಾಳಿಗೆಗೆ ತಂದವರು ಅತ್ತೆ.

ಕಾಳಿ ಬದುಕಿತು. ಎಲ್ಲವೂ ಹೀಗೆ ಮುಗಿಯುವುದಿಲ್ಲ. ಹೋದ ತಿಂಗಳು ಇದೇ ಕಾಯಿಲೆಯ ಬೆಕ್ಕೊಂದು ಚಿಕಿತ್ಸೆ ಫಲಿಸುವ ಮುನ್ನವೇ ಸತ್ತಿತು. ಅದನ್ನು ತಡವಾಗಿ ತಂದಿದ್ದರು. ಚಂದ್ರಕಾಂತ ಇಂದಿಗೂ ಸ್ನೇಹಲತಾ ಅವರನ್ನು ಮಾತಾಡಿಸುವುದಿಲ್ಲ. ಕಾಲನಿಯಲ್ಲಿ ಅವರ ಹೆಸರೇ ಜಗಳಗಂಟಿ.

ಕೋಠಿಯ ಹಳೆಯ ಲ್ಯಾಬು ಈಗ ಮತ್ತೆ ಕರೆಯುತ್ತಿದೆ. ಹೋಗುತ್ತೀರಾ ಎಂದರೆ ಇಲ್ಲವೆಂದು ತಲೆಯಲ್ಲಾಡಿಸುತ್ತಾರೆ.

"ರಿಪೋರ್ಟ್ ತಡಾ ಆದ್ರ ಮನಷ್ಯಾರು ಬಂದು ಜಗಳಾ ಮಾಡ್ತಾರ. ಇವಕ್ಕ ಬಾಯಿ ಇಲ್ಲಲ್ರಿ, ಇವುಗಳ ಸಲುವಾಗಿ ಜಗಳಾಡಾಕ ಯಾರರ ಒಬ್ಬರು ಬೇಕು. ಜಗಳಗಂಟಿ ಅಂತಾರಲ್ಲ? ಅನ್ಲಿ ಬಿಡ್ರಿ. ಹೌದ ಅದೀನಿ."